ಬೀಚ್ ನೋಡಲಿಕ್ಕೆ ಬರಬೇಡಿ, ಬಂದರು ನೋಡಲಿಕ್ಕೆ ಬನ್ನಿ

ಸೆಮಿಸ್ಟರಿನ ಕೊನೆಯ ಪೇಪರ್ ಮುಗಿದ ಸಂಜೆ ಹಾಸ್ಟೆಲಿನಲ್ಲಿ ಎರಡು ವಿಷಯ ಗ್ಯಾರಂಟಿ. ಮೆಸ್ಸಿನಲ್ಲಿ ಯಾರೂ ಊಟ ಮಾಡುವುದಿಲ್ಲ. ಮತ್ತೆ, ಯಾರಾದರೊಬ್ಬರು ನಮ್ಮ ಬಾಗಿಲು ಬಡಿದು "ಮಗಾ, ಮಂಗ್ಳೂರ್ ಟ್ರಿಪ್ ಹಾಕಿದೀವಿ, ಪ್ಲಾನ್ ಹೇಳೋ" ಅನ್ನುತ್ತಾರೆ. ಪ್ಲಾನ್ ಹೇಳು ಅನ್ನುವುದು ಬರೀ ಮಾತಿಗೆ. ಪ್ಲಾನ್ ಮೊದಲೇ ರೆಡಿ ಇರುತ್ತದೆ. ರಾತ್ರಿ ಬಸ್ಸು, ಬೆಳಿಗ್ಗೆ ರೂಮು, ಮಧ್ಯಾಹ್ನದವರೆಗೆ ನಿದ್ದೆ, ಸಂಜೆ ಪಣಂಬೂರು ಬೀಚು, ರಾತ್ರಿ ಗಡ್‌ಬಡ್ ಐಸ್‌ಕ್ರೀಮು, ಮಾರನೇ ದಿನ ಮುರುಡೇಶ್ವರ ಕಡೆ ಸವಾರಿ. ವಾಪಸ್ ಬಂದ ಮೇಲೆ ಹೇಳುವ ಮಾತೂ ಒಂದೇ: "ಊರಲ್ಲಿ ನೋಡೋಕೆ ಏನಿಲ್ಲ ಬಿಡ್ರಪ್ಪ, ಬರೀ ಸೆಕೆ."

ನಾವು ನಾಲ್ಕು ಜನ ಈ ಕ್ಯಾಂಪಸ್ಸಿನಲ್ಲಿ ಕುಡ್ಲದವರು. ಮೂರು ವರ್ಷದಿಂದ ಈ ಮಾತು ಕೇಳಿ ಕೇಳಿ ನಮಗೆ ಮಂಡೆ ಬೆಚ್ಚ ಆಗಿದೆ. (ತಲೆ ಬಿಸಿ ಅಂತ ಓದಿಕೊಳ್ಳಿ. ನಮ್ಮ ಕನ್ನಡ ಕೇಳಿ ನಗುವವರು ಇಲ್ಲೇ ನಕ್ಕು ಮುಗಿಸಿ, ಮುಂದೆ ಇನ್ನೂ ಉಂಟು.) ಕನ್ನಡ ಸಂಘದ ಪತ್ರಿಕೆಗೆ ಏನಾದರೂ ಬರೆದುಕೊಡಿ ಅಂದಾಗ ಇದನ್ನೇ ಬರೆಯುವುದು ಅಂತ ತೀರ್ಮಾನ ಮಾಡಿದೆವು. ಆದರೆ ಬರೆಯಲಿಕ್ಕೆ ನಿಜವಾದ ಕಾರಣ ಬೇರೆ. ಅದನ್ನು ಮಧ್ಯದಲ್ಲಿ ಹೇಳುತ್ತೇವೆ.

ನಮ್ಮ ವಾದ ಸರಳ. ಮಂಗಳೂರು ಬೀಚಿನ ಊರಲ್ಲ, ಬಂದರಿನ ಊರು. ಬೀಚ್ ನೋಡಲಿಕ್ಕೆ ಬಂದವನಿಗೆ ಅಲ್ಲಿ ಮರಳು, ನೀರು ಮತ್ತು ಚುರುಮುರಿ ಗಾಡಿ ಮಾತ್ರ ಕಾಣುತ್ತದೆ. ಅವು ಗೋಕರ್ಣದಲ್ಲೂ ಉಂಟು, ಗೋವಾದಲ್ಲೂ ಉಂಟು, ಬಹುಶಃ ಇನ್ನೂ ಚೆನ್ನಾಗಿ ಉಂಟು. ಬಂದರು ನೋಡಲಿಕ್ಕೆ ಬಂದರೆ ಎರಡು ದಿನ ಸಾಲುವುದಿಲ್ಲ.

ಮೊದಲು ಬಿಸಿಲಿನ ವಿಷಯ ಮುಗಿಸಿಬಿಡೋಣ. ನಮ್ಮಲ್ಲಿ ಬಿಸಿಲು ಕಾಯಿಸುವುದಿಲ್ಲ, ಬೇಯಿಸುತ್ತದೆ. ಥರ್ಮಾಮೀಟರಿನಲ್ಲಿ 33 ಡಿಗ್ರಿ ಅಂತ ನೋಡಿ, ನಮ್ಮ ರಾಯಚೂರಿನ ಮುಂದೆ ಇದೇನು ಮಹಾ ಅನ್ನುವ ಉತ್ತರದ ಕಡೆಯ ಗೆಳೆಯರು ಬಸ್ಸಿಳಿದು ಹತ್ತು ನಿಮಿಷಕ್ಕೆ ಸುಮ್ಮನಾಗುತ್ತಾರೆ. ಗಾಳಿಯಲ್ಲಿ ತೇವ ತುಂಬಿದರೆ ಬೆವರು ಆರುವುದಿಲ್ಲ, ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ. ಥರ್ಮೋಡೈನಮಿಕ್ಸ್ ಪಾಸಾದವರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಿಲ್ಲ. ಡಿಸೆಂಬರಿನಿಂದ ಫೆಬ್ರವರಿವರೆಗೆ ಬನ್ನಿ. ಹತ್ತಿ ಬಟ್ಟೆ ತನ್ನಿ, ಆ ಜೀನ್ಸ್ ಹಾಸ್ಟೆಲಿನಲ್ಲೇ ಇರಲಿ. ಹನ್ನೊಂದರಿಂದ ನಾಲ್ಕರವರೆಗೆ ಮಾಡಿನ ಕೆಳಗೆ ಇರಿ. ಜೂನಿನಲ್ಲಿ ಬಂದರೆ ಬಿಸಿಲಿನ ಪ್ರಶ್ನೆಯೇ ಇಲ್ಲ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಬೀಳುವ ಮಳೆಯಲ್ಲಿ ಬಹುಪಾಲು ನಾಲ್ಕೇ ತಿಂಗಳಲ್ಲಿ ಬೀಳುತ್ತದೆ. ಮಳೆ ನೋಡಬೇಕು ಅನ್ನುವವರು ಖಂಡಿತ ಬನ್ನಿ. ಆದರೆ ಕಡಲಿಗೆ ಇಳಿಯಬೇಕು ಅನ್ನುವವರು ಆಗ ಬರಲೇಬೇಡಿ.

ಬರುವ ದಾರಿಯ ಬಗ್ಗೆ ಒಂದು ಮಾತು. ರಾತ್ರಿ ಬಸ್ಸಿನಲ್ಲಿ ಶಿರಾಡಿ ಘಾಟಿ ಇಳಿಯುವುದು ಅಂದರೆ ನಿದ್ದೆಯೂ ಇಲ್ಲ, ನೋಟವೂ ಇಲ್ಲ. ಹಗಲು ರೈಲು ಸಿಗುವ ದಿನ ನೋಡಿ ಟಿಕೆಟ್ ಮಾಡಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿನವರೆಗೆ ಸುಮಾರು 55 ಕಿಲೋಮೀಟರ್, 57 ಸುರಂಗ. ಸಿವಿಲ್‌ನವರು ಇದಕ್ಕೊಂದು ಇಂಡಸ್ಟ್ರಿಯಲ್ ವಿಸಿಟ್ ಸರ್ಟಿಫಿಕೇಟ್ ಕೇಳಿದರೂ ತಪ್ಪಿಲ್ಲ.

ಈಗ ಬಂದರು. ಬೆಳಿಗ್ಗೆ ಐದಕ್ಕೆ ಅಲಾರಂ ಇಡಿ. ಟ್ರಿಪ್ಪಿಗೆ ಬಂದು ಐದಕ್ಕೆ ಏಳುವುದಾ ಅಂತ ಬೈಯಿರಿ, ಬೈದುಕೊಂಡೇ ಎದ್ದು ಬನ್ನಿ. ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಿಂದ (ಊರಿನ ಎಲ್ಲ ಸಿಟಿ ಬಸ್ಸೂ ಕೊನೆಗೆ ಅಲ್ಲಿಗೇ ಬರುತ್ತದೆ) ನಡೆದೇ ಹೋಗುವಷ್ಟು ಹತ್ತಿರ ಮೀನುಗಾರಿಕೆಯ ದಕ್ಕೆ. ಎಂಟು ಹತ್ತು ದಿನ ಕಡಲಿನಲ್ಲೇ ಇದ್ದ ಟ್ರಾಲ್ ಬೋಟುಗಳೂ, ಹೋದ ದಿನವೇ ತಿರುಗಿ ಬರುವ ಪರ್ಸೀನ್ ಬೋಟುಗಳೂ ಒಂದರ ಪಕ್ಕ ಒಂದು ಮೈ ಉಜ್ಜಿಕೊಂಡು ನಿಂತಿರುತ್ತವೆ. ಬುಟ್ಟಿಗಟ್ಟಲೆ ಬಂಗುಡೆ, ಬೂತಾಯಿ, ಮಂಜುಗಡ್ಡೆ ಪುಡಿ ಮಾಡುವ ಯಂತ್ರದ ಗರಗರ, ನೆಲದಲ್ಲಿ ರಾಶಿ ಹಾಕಿದ ಮೀನಿನ ಸುತ್ತ ಏಲಂ. ಏಲಂ ಕೂಗುವವನ ಬಾಯಿಂದ ತುಳುವೂ ಬ್ಯಾರಿಯೂ ಕನ್ನಡವೂ ಒಟ್ಟಿಗೇ ಬರುತ್ತದೆ, ಸಂಖ್ಯೆ ಮಾತ್ರ ಎಲ್ಲರಿಗೂ ಅರ್ಥವಾಗುತ್ತದೆ. ಬೋಟಿನಲ್ಲಿ ಬಲೆ ಎಳೆಯುವವರಲ್ಲಿ ಆಂಧ್ರದವರು, ಒಡಿಶಾದವರು ಎಷ್ಟೋ ಮಂದಿ. ಕೊಂಡವರಲ್ಲಿ ಹೆಚ್ಚಿನವರು ಹೆಂಗಸರು. ಬೆಲೆ ಕುದುರಿಸುವಾಗ ಅವರ ಗಣಿತದ ವೇಗ ನೋಡಿದರೆ ನಮ್ಮ ಕ್ಲಾಸಿನ ಟಾಪರ್ ಕ್ಯಾಲ್ಕುಲೇಟರ್ ಒಳಗಿಡಬೇಕು.

ಅಲ್ಲಿ ಒಂದೆರಡು ಸೂಚನೆ. ನೆಲ ಜಾರುತ್ತದೆ, ಬಿಳಿ ಶೂ ಬೇಡ. ಮೂಗು ಮುಚ್ಚಿಕೊಂಡು ವಿಡಿಯೋ ಮಾಡಬೇಡಿ. ನಿಮಗೆ ಅದು ವಾಸನೆ, ಅಲ್ಲಿ ನಿಂತವರಿಗೆ ಅದು ಮನೆ ನಡೆಸುವ ಅನ್ನ. ಬುಟ್ಟಿ ಹೊತ್ತು ಬರುವವರಿಗೆ ದಾರಿ ಬಿಡಿ, ಅವರು ನಿಲ್ಲುವುದಿಲ್ಲ. ಫೋಟೋ ಬೇಕಿದ್ದರೆ "ಅಕ್ಕಾ, ಒಂದು ಫೋಟೋ ತೆಗೀಬಹುದಾ?" ಅಂತ ಕೇಳಿ. ಮೊದಲು ಬೈಯಬಹುದು, ಆಮೇಲೆ ಸೆರಗು ಸರಿ ಮಾಡಿಕೊಂಡು ನಿಲ್ಲುತ್ತಾರೆ. ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಮೀನು ಮೊಟ್ಟೆ ಇಡುವ ಕಾಲ, ಕಡಲೂ ಒರಟು. ಆಗ ದಕ್ಕೆಗೆ ಹೋದರೆ ಬೋಟುಗಳು ಸಾಲಾಗಿ ಮಲಗಿರುವುದು ಮಾತ್ರ ಕಾಣುತ್ತದೆ. ಆಗಲೂ "ಫ್ರೆಶ್ ಅಂಜಲ್" ಅಂತ ಬೋರ್ಡ್ ಹಾಕಿದ ಹೋಟೆಲು ಸಿಕ್ಕಿದರೆ, ಅದು ಎಲ್ಲಿಂದ ಬಂತು ಅಂತ ಒಂದು ಮಾತು ಕೇಳಿ.

ದಕ್ಕೆಯ ಪಕ್ಕದಲ್ಲೇ ಹಳೆ ಬಂದರು. ನಾವು 'ಬಂದರ್' ಅಂತಲೇ ಕರೆಯುವ ಪೇಟೆ. ಮೆಣಸು, ಅಡಿಕೆ, ಒಣಮೀನು, ಹಗ್ಗ, ಲಂಗರು, ಬೋಟಿನ ಸಾಮಾನು, ಎಲ್ಲದರ ವಾಸನೆ ಸೇರಿ ಆ ಬೀದಿಗಳಿಗೇ ಒಂದು ವಾಸನೆ. 12ನೇ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಟ್ಯುನೀಷಿಯಾದ ಯಹೂದಿ ವ್ಯಾಪಾರಿ ಹಲವಾರು ವರ್ಷ ನಮ್ಮ ಊರಲ್ಲೇ ನೆಲೆಸಿದ್ದ. ಅವನ ಪತ್ರಗಳು ಕೈರೋದ ಹಳೆಯ ಸಿನಗಾಗಿನಲ್ಲಿ ಸಿಕ್ಕವು, ಅವನ ಆಳು ಬೊಮ್ಮನ ಹೆಸರೂ ಅದರಲ್ಲಿತ್ತು. ಅಮಿತಾವ್ ಘೋಷ್ 'ಇನ್ ಆ್ಯನ್ ಆಂಟೀಕ್ ಲ್ಯಾಂಡ್' ಪುಸ್ತಕದಲ್ಲಿ ಈ ಬೊಮ್ಮನನ್ನೇ ಹುಡುಕಿಕೊಂಡು ಹೊರಡುತ್ತಾರೆ. ವ್ಯಾಪಾರಿಯ ಒಬ್ಬ ಆಳಿನ ಹೆಸರು ಎಂಟುನೂರು ವರ್ಷ ಉಳಿದಿದೆ! ನಮ್ಮ ಕ್ಯಾಂಪಸ್ ಪ್ಲೇಸ್‌ಮೆಂಟ್ ಪಟ್ಟಿಯಲ್ಲಿ ಎಂಟು ತಿಂಗಳು ಉಳಿದರೆ ಹೆಚ್ಚು. 14ನೇ ಶತಮಾನದಲ್ಲಿ ಇಬ್ನ್ ಬತೂತ ಬಂದಾಗ ಪರ್ಷಿಯಾದ, ಯೆಮೆನ್ನಿನ ವ್ಯಾಪಾರಿಗಳು ಇಲ್ಲಿ ಇಳಿಯುತ್ತಿದ್ದರು ಅಂತ ಬರೆದಿದ್ದಾನೆ. ಇವತ್ತು ಅಷ್ಟು ದೊಡ್ಡ ವ್ಯಾಪಾರ ಇಲ್ಲಿಲ್ಲ. ಆದರೂ ಮಳೆಗಾಲ ಬಿಟ್ಟು ಉಳಿದ ದಿನ ಲಕ್ಷದ್ವೀಪಕ್ಕೆ ಹೋಗುವ ಮಂಜಿಗಳು ತರಕಾರಿ, ಸಿಮೆಂಟು, ಜಲ್ಲಿ ತುಂಬಿಸಿಕೊಳ್ಳುವುದನ್ನು ನೋಡಬಹುದು. ಒಂದು ದ್ವೀಪದ ಮನೆ ಕಟ್ಟುವ ಜಲ್ಲಿ ಬುಟ್ಟಿ ಬುಟ್ಟಿಯಾಗಿ ಹೋಗುವುದು ನೋಡಲಿಕ್ಕೆ ಚೆಂದ. ಹೊರುವವರಿಗೆ ಚೆಂದ ಇರಲಿಕ್ಕಿಲ್ಲ.

ಹಾಗಾದರೆ ದೊಡ್ಡ ಹಡಗು ಯಾಕೆ ಇಲ್ಲಿಗೆ ಬರುವುದಿಲ್ಲ? ಇದು ನಾವು ಎಲ್ಲ ಗೆಳೆಯರಿಗೂ ಕೇಳುವ ವೈವಾ ಪ್ರಶ್ನೆ. ನೇತ್ರಾವತಿ ದಕ್ಷಿಣದಿಂದ, ಫಲ್ಗುಣಿ (ಗುರುಪುರ ನದಿ ಅಂತಲೂ ಹೆಸರು) ಉತ್ತರದಿಂದ ಬಂದು ಎರಡೂ ಒಂದೇ ಅಳಿವೆ ಬಾಗಿಲಲ್ಲಿ ಕಡಲು ಸೇರುತ್ತವೆ. ನದಿ ತಂದ ಮರಳು ಮತ್ತು ಅಲೆ ತಳ್ಳಿದ ಮರಳು ಬಾಗಿಲಲ್ಲೇ ದಿಬ್ಬ ಕಟ್ಟುತ್ತದೆ. ಆಳ ಬೇಕಾದ ಹಡಗು ಒಳಗೆ ಬರುವಂತಿಲ್ಲ. ಹಿಂದೆ ದೊಡ್ಡ ಹಡಗುಗಳು ಹೊರಗೆ ಕಡಲಲ್ಲೇ ಲಂಗರು ಹಾಕಿ ನಿಂತು, ಕಾಫಿ, ಗೋಡಂಬಿ, ಹಂಚು ಎಲ್ಲ ಸಣ್ಣ ದೋಣಿಗಳಲ್ಲಿ ಹೋಗಬೇಕಿತ್ತು.

ಇದಕ್ಕೆ ಸಿಕ್ಕ ಪರಿಹಾರ ಪಣಂಬೂರಿನ ಹೊಸ ಬಂದರು. ಸಹಜವಾದ ಕೊಲ್ಲಿ ಇಲ್ಲದ ನೇರ ಕರಾವಳಿಯಲ್ಲಿ ನೆಲವನ್ನೇ ಅಗೆದು, ಒಳಗೆ ಕೆರೆಯ ಹಾಗೆ ನೀರಿನ ಅಂಗಳ ಮಾಡಿ, ಕಡಲಿಗೆ ಕಾಲುವೆ ತೋಡಿ, ಕಾಲುವೆಯ ಬಾಯಿಗೆ ಎರಡು ಕಲ್ಲಿನ ತಡೆಗೋಡೆ ಹಾಕಿದ್ದಾರೆ. ಇದಕ್ಕಾಗಿ ದೆಹಲಿಯಲ್ಲಿ ಬೆನ್ನು ಬಿಡದೆ ಓಡಾಡಿದವರು ಸಂಸದ ಯು. ಶ್ರೀನಿವಾಸ ಮಲ್ಯರು. ಸುರತ್ಕಲ್ಲಿನ ಎಂಜಿನಿಯರಿಂಗ್ ಕಾಲೇಜಿನ ಹಿಂದೆಯೂ ಅವರೇ. 1965ರಲ್ಲಿ ತೀರಿಕೊಂಡ ಅವರು ಬಂದರು ಮುಗಿದದ್ದನ್ನು ನೋಡಲಿಲ್ಲ. 1974ರ ಮೇ ತಿಂಗಳಲ್ಲಿ ಇದು ದೇಶದ ಒಂಬತ್ತನೆಯ ಪ್ರಮುಖ ಬಂದರು ಅಂತ ಘೋಷಣೆಯಾಯಿತು. 1975ರ ಜನವರಿಯಲ್ಲಿ ಇಂದಿರಾ ಗಾಂಧಿ ಉದ್ಘಾಟಿಸಿದರು. ಕುದುರೆಮುಖದ ಕಬ್ಬಿಣದ ಅದಿರು ಪುಡಿಯಾಗಿ ನೀರಿನಲ್ಲಿ ಕಲಸಿಕೊಂಡು ಸುಮಾರು 67 ಕಿಲೋಮೀಟರ್ ಕೊಳವೆಯಲ್ಲಿ ಘಟ್ಟ ಇಳಿದು ಇಲ್ಲಿಗೆ ಬರುತ್ತಿತ್ತು. 2005ರ ಕೊನೆಗೆ ಸುಪ್ರೀಂ ಕೋರ್ಟಿನ ಆದೇಶದಂತೆ ಆ ಗಣಿ ನಿಂತಿತು. ಈಗ ಕಚ್ಚಾ ತೈಲ, ಅಡುಗೆ ಅನಿಲ, ಕಲ್ಲಿದ್ದಲು, ಕಾಫಿ. ಬಂದರಿನ ಒಳಗೆ ಅನುಮತಿ ಇಲ್ಲದೆ ಬಿಡುವುದಿಲ್ಲ. ಮೆಕ್ಯಾನಿಕಲ್, ಸಿವಿಲ್ ವಿಭಾಗದವರು ಕಾಲೇಜಿನಿಂದ ಪತ್ರ ಬರೆಸಿ ಪ್ರಯತ್ನಿಸಿ. ಇಂಡಸ್ಟ್ರಿಯಲ್ ವಿಸಿಟ್ ಅಂತ ಯಾವುದೋ ಬಿಸ್ಕತ್ ಫ್ಯಾಕ್ಟರಿಗೆ ಹೋಗಿ ಸ್ಯಾಂಪಲ್ ತಿಂದು ಬರುವುದಕ್ಕಿಂತ ಇದು ಮೇಲು. ಅನುಮತಿ ಸಿಗದಿದ್ದರೆ ಪಣಂಬೂರು ಕಡಲಿನ ಬದಿಯಲ್ಲಿ ಕೂತು ದೂರದಲ್ಲಿ ಸರದಿ ಕಾಯುತ್ತಿರುವ ಹಡಗು ಎಣಿಸಿ. ಸಂಜೆ ದೀಪ ಹತ್ತಿದಾಗ ಕಡಲಿನ ಮೇಲೆ ಒಂದು ಬೀದಿಯೇ ಇದ್ದ ಹಾಗೆ ಕಾಣುತ್ತದೆ.

ಈಗ ಬೆಂಗ್ರೆ. ಫಲ್ಗುಣಿ ನದಿಗೂ ಕಡಲಿಗೂ ನಡುವೆ ನಾಲಗೆಯ ಹಾಗೆ ಚಾಚಿದ ಮರಳಿನ ಪಟ್ಟಿ. ಬಂದರಿನಿಂದ ಕಸಬಾ ಬೆಂಗ್ರೆಗೆ ದೋಣಿ ಉಂಟು, ಸುಲ್ತಾನ್ ಬತ್ತೇರಿಯಿಂದ ತಣ್ಣೀರುಬಾವಿಗೂ ಉಂಟು. ದಾಟಲಿಕ್ಕೆ ಕೆಲವೇ ನಿಮಿಷ. ರಸ್ತೆಯಲ್ಲಿ ಹೋದರೆ ಕೂಳೂರು ಸುತ್ತಿಕೊಂಡು ಹೋಗಬೇಕು. ಬೈಕ್ ಉಂಟಲ್ಲ ಅಂತ ಸುತ್ತಿಕೊಂಡು ಹೋಗಬೇಡಿ, ದೋಣಿಯಲ್ಲೇ ಹೋಗಿ. ಶಾಲೆಗೆ ಹೋಗುವ ಮಕ್ಕಳು, ಮೀನಿನ ಬುಟ್ಟಿ, ಸೈಕಲ್ಲು, ಗ್ಯಾಸ್ ಸಿಲಿಂಡರು, ಬುರ್ಖಾ ಹಾಕಿದ ಅಜ್ಜಿ, ಮಲ್ಲಿಗೆ ಮುಡಿದ ಅಜ್ಜಿ, ಎಲ್ಲ ಒಂದೇ ಹಲಗೆಯ ಮೇಲೆ ಕೂತಿರುತ್ತಾರೆ. ನಮ್ಮ ಊರಿನ ಬಗ್ಗೆ ಟಿ.ವಿ.ಯಲ್ಲಿ ಬರುವುದನ್ನು ಮಾತ್ರ ನೋಡಿದವರು ಈ ದೋಣಿಯಲ್ಲಿ ಒಮ್ಮೆಯಾದರೂ ಕೂರಬೇಕು.

ನಮ್ಮ ನಾಲ್ವರಲ್ಲಿ ಒಬ್ಬನ ಮನೆ ಅಲ್ಲೇ. ಅವನ ಅಪ್ಪ ಬೋಟಿನಲ್ಲಿ ತಂಡೇಲ. ಬೋಟು ನಡೆಸುವ, ಬಲೆ ಎಲ್ಲಿ ಬಿಡಬೇಕು ಅಂತ ತೀರ್ಮಾನಿಸುವ ಮನುಷ್ಯ. ಈ ಲೇಖನ ಬರೆಯುವುದಕ್ಕೆ ಅವನದೊಬ್ಬನದೇ ವಿರೋಧ ಇತ್ತು. "ನೀವು ಬೀಚ್ ಅಂತೀರಲ್ಲ, ಅದು ನಮ್ಮ ಮನೆಯ ಹಿತ್ತಿಲು ಮಾರಾಯ. ಅಲ್ಲಿ ಬಲೆ ಒಣಗಿಸ್ತೇವೆ, ಮೀನು ಒಣಗಿಸ್ತೇವೆ. ನಿನ್ನ ಮನೆ ಹಿತ್ತಿಲಿಗೆ ಇಪ್ಪತ್ತು ಜನ ಬಂದು ಬಿಯರ್ ಬಾಟ್ಲಿ ಒಡೆದು ಹೋದರೆ ನಿಂಗೆ ಆಗ್ತದಾ?" ಅಂತ ಕೇಳಿದ. ನಮ್ಮಲ್ಲಿ ಉತ್ತರ ಇರಲಿಲ್ಲ. ಕೊನೆಗೆ ಅವನು ಒಂದು ಷರತ್ತು ಹಾಕಿ ಒಪ್ಪಿದ: ಬಾಟಲಿಯ ಮಾತು ಲೇಖನದಲ್ಲಿ ಬರಲೇಬೇಕು. ಬಂತು. ಬರಿಗಾಲಲ್ಲಿ ಬಲೆ ಎಳೆಯುವವರು ಓಡಾಡುವ ಮರಳು ಅದು. ಬಾಟಲಿ ತಂದವರು ಬಾಟಲಿ ವಾಪಸ್ ಒಯ್ಯಿರಿ.

ಇನ್ನು ಆ ಕಾರಣ.

ಕಳೆದ ವರ್ಷ ಮೇ ತಿಂಗಳ ಕೊನೆ. ಪರೀಕ್ಷೆ ಮುಗಿಸಿ ಆರು ಜನ ಗೆಳೆಯರು ನಮ್ಮ ಜೊತೆಗೇ ಊರಿಗೆ ಬಂದಿದ್ದರು. ಮಳೆ ಇನ್ನೂ ಬಂದಿರಲಿಲ್ಲ, ಕಡಲು ಮಾತ್ರ ಆಗಲೇ ಬಣ್ಣ ಬದಲಾಯಿಸಿತ್ತು. ಜನ ಜಾಸ್ತಿ ಇರುವ ಬೀಚ್ ಬೇಡ, ಖಾಲಿ ಜಾಗ ತೋರಿಸಿ ಅಂದರು. ಊರಿನ ಉತ್ತರಕ್ಕೆ ಒಂದು ಖಾಲಿ ಜಾಗಕ್ಕೆ ನಾವೇ ಕರೆದುಕೊಂಡು ಹೋದೆವು. ಲೈಫ್‌ಗಾರ್ಡ್ ಇಲ್ಲ, ಬಾವುಟ ಇಲ್ಲ. ದಾವಣಗೆರೆ ಕಡೆಯ ಗೆಳೆಯನೊಬ್ಬ, ಭದ್ರಾ ನಾಲೆಯಲ್ಲಿ ಈಜಿ ಬೆಳೆದವನು, ಮೊಣಕಾಲಿನಷ್ಟು ನೀರಿನಲ್ಲಿ ನಿಂತು ಫೋಟೋಗೆ ಪೋಸ್ ಕೊಡುತ್ತಿದ್ದ. ಒಂದು ಅಲೆ ಬಂತು, ವಾಪಸ್ ಹೋಗುವಾಗ ಅವನ ಕಾಲಡಿಯ ಮರಳನ್ನೇ ಎಳೆದುಕೊಂಡು ಹೋಯಿತು. ಬಿದ್ದ. ಎದ್ದ. ಇನ್ನೊಂದು ಅಲೆ. ಮೂರನೇ ಸಲ ನೋಡುವಾಗ ಅವನು ನಮ್ಮಿಂದ ಇಪ್ಪತ್ತು ಮೂವತ್ತು ಮೀಟರ್ ಆಚೆ ಇದ್ದ. ಜೋರಾಗಿ ದಡದ ಕಡೆಗೆ ಈಜುತ್ತಿದ್ದ. ಈಜುತ್ತಲೇ ದೂರ ಹೋಗುತ್ತಿದ್ದ.

ನಾವು ಕೂಗಿದೆವು. ಕೂಗುವುದು ಬಿಟ್ಟು ಬೇರೆ ಏನೂ ಮಾಡಲಿಲ್ಲ, ಅದನ್ನು ಇಲ್ಲಿ ಒಪ್ಪಿಕೊಳ್ಳುತ್ತೇವೆ. ಸ್ವಲ್ಪ ದೂರದಲ್ಲಿ ಬಲೆ ಸರಿ ಮಾಡುತ್ತಿದ್ದ ಇಬ್ಬರು ಹಗ್ಗಕ್ಕೆ ಖಾಲಿ ಪ್ಲಾಸ್ಟಿಕ್ ಕ್ಯಾನು ಕಟ್ಟಿಕೊಂಡು ಓಡಿ ಬಂದರು. ಒಬ್ಬರು ಹಗ್ಗದ ತುದಿ ಹಿಡಿದು ದಡದಲ್ಲೇ ನಿಂತರು. ಇನ್ನೊಬ್ಬರು, ನಮ್ಮ ಅಜ್ಜನ ಪ್ರಾಯದವರು, ನೀರಿಗಿಳಿದರು. ಅವನನ್ನು ನೇರ ದಡಕ್ಕೆ ಎಳೆಯಲಿಲ್ಲ. ಪಕ್ಕಕ್ಕೆ, ದಡಕ್ಕೆ ಸಮಾಂತರವಾಗಿ ಬಹಳ ದೂರ ತೇಲಿಸಿಕೊಂಡು ಹೋಗಿ, ಆಮೇಲೆ ಅಲೆಯ ಜೊತೆಗೆ ಒಳಗೆ ತಂದರು. ಅವನು ಮರಳಿನ ಮೇಲೆ ಕೂತು ಉಪ್ಪುನೀರು ಕಾರಿದ. ಅಜ್ಜ ಅವನಿಗೆ ಒಂದು ಮಾತೂ ಅನ್ನಲಿಲ್ಲ. ನಮ್ಮ ಕಡೆ ತಿರುಗಿ ತುಳುವಿನಲ್ಲಿ ಬೈದರು. ಅವನು ಘಟ್ಟದ ಮೇಲಿನವ, ಅವನಿಗೆ ಗೊತ್ತಿಲ್ಲ, ನಿಮಗೂ ಗೊತ್ತಿಲ್ವಾ? ಇದು ಬೈಗುಳದ ಸಾರ. ಪೂರ್ತಿ ಬರೆದರೆ ಸಂಪಾದಕರು ಕತ್ತರಿ ಹಾಕುತ್ತಾರೆ.

ನಮಗೆ ಗೊತ್ತಿತ್ತು. ಗೊತ್ತಿದ್ದೂ ಕರೆದುಕೊಂಡು ಹೋಗಿದ್ದೆವು. ಹಾಗಾಗಿ ಗೊತ್ತಿರುವುದನ್ನು ಈಗಲಾದರೂ ಬರೆಯುತ್ತೇವೆ. ಅಲೆಗಳು ದಡಕ್ಕೆ ತಂದು ಸುರಿದ ನೀರು ಹೇಗಾದರೂ ಹಿಂದೆ ಹೋಗಲೇಬೇಕು. ಮರಳಿನ ದಿಬ್ಬದಲ್ಲಿ ತಗ್ಗು ಸಿಕ್ಕ ಕಡೆ ಆ ನೀರೆಲ್ಲ ಸೇರಿ ಕಿರಿದಾದ ಹೊಳೆಯ ಹಾಗೆ ಕಡಲಿನತ್ತ ಹರಿಯುತ್ತದೆ. ಆ ಜಾಗದಲ್ಲಿ ಅಲೆ ಒಡೆಯುವುದಿಲ್ಲ, ನೊರೆ ಕಡಿಮೆ, ನೋಡಲಿಕ್ಕೆ ಅದೇ ಶಾಂತ. ಹೊಸಬರು ಹುಡುಕಿಕೊಂಡು ಹೋಗಿ ಇಳಿಯುವುದೂ ಅಲ್ಲೇ. ಅದರ ವೇಗ ಕೆಲವೊಮ್ಮೆ ಸೆಕೆಂಡಿಗೆ ಎರಡು ಮೀಟರ್ ಮುಟ್ಟುತ್ತದೆ. ಒಲಿಂಪಿಕ್ಸಿನ 1500 ಮೀಟರ್ ಈಜಿನಲ್ಲಿ ಚಿನ್ನ ಗೆಲ್ಲುವವನ ವೇಗವೂ ಅದಕ್ಕಿಂತ ಕಡಿಮೆ. ಎದುರಿಗೆ ಈಜಿದರೆ ಸುಸ್ತಾಗುತ್ತೀರಿ. ಸುಸ್ತಾದವರು ಮುಳುಗುತ್ತಾರೆ. ಸಿಕ್ಕಿಬಿದ್ದರೆ ತೇಲಿಕೊಳ್ಳಿ, ಕೈ ಎತ್ತಿ ಕರೆಯಿರಿ, ದಡಕ್ಕೆ ಸಮಾಂತರವಾಗಿ ಪಕ್ಕಕ್ಕೆ ಈಜಿ, ಸೆಳೆತ ಬಿಟ್ಟ ಮೇಲೆ ಒಳಗೆ ಬನ್ನಿ. ದಡದಲ್ಲಿದ್ದವರು ಹಿಂದೆಯೇ ಹಾರಬೇಡಿ. ಹಗ್ಗ, ಖಾಲಿ ಕ್ಯಾನು, ಬಾಟಲಿ ತುಂಬಿದ ಬ್ಯಾಗು, ತೇಲುವುದು ಏನು ಸಿಕ್ಕರೂ ಎಸೆಯಿರಿ. ಮೇ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಪಾದ ಒದ್ದೆ ಮಾಡಿಕೊಳ್ಳುವುದಕ್ಕಿಂತ ಮುಂದೆ ಹೋಗಬೇಡಿ. ಉಳಿದ ಕಾಲದಲ್ಲೂ ಲೈಫ್‌ಗಾರ್ಡ್ ಇರುವ ಪಣಂಬೂರು, ತಣ್ಣೀರುಬಾವಿಯಲ್ಲಿ ಮಾತ್ರ ಇಳಿಯಿರಿ. ಅವರು ಪೀಪಿ ಊದಿದರೆ "ಏನ್ ಗುರೂ ನಿಂದು" ಅನ್ನದೆ ಹೊರಗೆ ಬನ್ನಿ. ಸೋಮೇಶ್ವರದ ಬಂಡೆಗಳ ಮೇಲೆ ಸೆಲ್ಫಿ ಬೇಡವೇ ಬೇಡ. ನನಗೆ ಈಜು ಬರುತ್ತದೆ ಅನ್ನುವವರಿಗೇ ನಮಗೆ ಹೆಚ್ಚು ಹೆದರಿಕೆ. ಬಾರದವರು ಹೇಗೂ ದೂರ ನಿಲ್ಲುತ್ತಾರೆ.

ಪ್ರತಿ ವರ್ಷ ಪತ್ರಿಕೆಯಲ್ಲಿ 'ಕಡಲಿಗಿಳಿದ ವಿದ್ಯಾರ್ಥಿ ನೀರುಪಾಲು' ಅಂತ ಸುದ್ದಿ ಬಂದಾಗ, "ಬೋರ್ಡ್ ಹಾಕಿದ್ದೆವು" ಅಂತ ಒಂದು ಕಡೆಯಿಂದ ಹೇಳುತ್ತಾರೆ, "ಬುದ್ಧಿ ಬೇಡ್ವಾ ಇವರಿಗೆ" ಅಂತ ಇನ್ನೊಂದು ಕಡೆಯಿಂದ. ಬೋರ್ಡಿನಲ್ಲಿ 'ಅಪಾಯ' ಅಂತ ಬರೆದಿರುತ್ತದೆ. ಯಾಕೆ ಅಪಾಯ ಅಂತ ಬರೆದಿರುವುದಿಲ್ಲ. ಯಾಕೆ ಅಂತ ಹೇಳದ ಎಚ್ಚರಿಕೆಯನ್ನು ನಮ್ಮ ಪ್ರಾಯದವರು ಯಾವತ್ತಾದರೂ ಕೇಳಿದ್ದುಂಟಾ? ಮೇಲಿನ ಆ ಹತ್ತು ಸಾಲನ್ನು ಒಂದು ಚಿತ್ರದ ಜೊತೆ ಪ್ರತಿ ಬೀಚಿನ ಬಾಯಲ್ಲಿ, ಪ್ರತಿ ಲಾಡ್ಜಿನ ಕೌಂಟರಿನಲ್ಲಿ ಕನ್ನಡದಲ್ಲಿ ಹಾಕಬೇಕು ಅನ್ನುವುದು ನಮ್ಮ ಅಭಿಪ್ರಾಯ. ಹಾಕುವವರೆಗೆ ಕುಡ್ಲದ ಸ್ಥಳೀಯರ ಬಾಯೇ ಬೋರ್ಡು.

ಇದೇ ಮರಳಿನ ಆಟ ನೋಡಬೇಕಾದರೆ ಉಳ್ಳಾಲಕ್ಕೆ ಹೋಗಿ. 16ನೇ ಶತಮಾನದಲ್ಲಿ ಪೋರ್ಚುಗೀಸರನ್ನು ಎದುರಿಸಿದ ರಾಣಿ ಅಬ್ಬಕ್ಕನ ಊರು. ಅಳಿವೆ ಬಾಗಿಲಿಗೆ ತಡೆಗೋಡೆ ಕಟ್ಟಿದ ಮೇಲೆ ಬೆಂಗ್ರೆ ಕಡೆ ಮರಳು ತುಂಬಿತು, ನಮ್ಮ ಕಡೆ ಮನೆಗಳು ಕಡಲಿಗೆ ಹೋದವು ಅನ್ನುವುದು ಉಳ್ಳಾಲದವರ ಹಳೆಯ ದೂರು. ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದಲ್ಲಿ ಕಡಲೊಳಗೆ ಕೃತಕ ದಿಬ್ಬ ಹಾಕಿಯೂ ಆಯಿತು. ನಮ್ಮ ನಾಲ್ವರಲ್ಲಿ ಒಬ್ಬಳ ಅಜ್ಜಿ ಮನೆಯ ಬಾವಿ ಎಲ್ಲಿತ್ತು ಅಂತ ಕೇಳಿದರೆ ಅವಳು ಅಲೆಯ ಕಡೆ ಬೆರಳು ತೋರಿಸುತ್ತಾಳೆ. ಒಂದು ಕಡೆ ಗೋಡೆ ಕಟ್ಟಿದರೆ ಇನ್ನೊಂದು ಕಡೆ ಏನಾಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಲ್ಯಾಬ್ ಇಲ್ಲ.

ಮಧ್ಯಾಹ್ನದ ಬಿಸಿಲಿಗೆ ಮಾಡಿನ ಕೆಳಗೆ ಇರಿ ಅಂದೆವಲ್ಲ, ಆ ಹೊತ್ತಿಗೆ ಮೂರು ಜಾಗ. ಸಂತ ಅಲೋಶಿಯಸ್ ಚಾಪೆಲ್: ಇಟಲಿಯಿಂದ ಬಂದ ಆಂಟೋನಿಯೊ ಮೊಸ್ಕೇನಿ 1899ರಿಂದ ಸುಮಾರು ಎರಡು ವರ್ಷ ಗೋಡೆ, ಛಾವಣಿ ಎಲ್ಲ ಚಿತ್ರ ಬರೆದು ತುಂಬಿಸಿದ ಜಾಗ. ಕದ್ರಿ ದೇವಸ್ಥಾನ: ಅಲ್ಲಿಯ ಕಂಚಿನ ಲೋಕೇಶ್ವರನ ಪೀಠದ ಮೇಲಿನ ಶಾಸನ 968ರದ್ದು. ಮೂರನೆಯದು ಬಲ್ಮಠದ ಕಡೆ, ಕನ್ನಡ ಸಂಘದವರಾದ ನಾವು ಸ್ವಲ್ಪ ನಿಂತು ಹೋಗಬೇಕಾದ ಜಾಗ. 1843ರ ಜುಲೈ 1ರಂದು ಹರ್ಮನ್ ಮೊಗ್ಲಿಂಗ್ 'ಮಂಗಳೂರ ಸಮಾಚಾರ' ಅಂತ ಕನ್ನಡದ ಮೊದಲ ಪತ್ರಿಕೆ ಹೊರಡಿಸಿದ್ದು ಈ ಊರಿಂದ, ಕಲ್ಲಚ್ಚಿನಲ್ಲಿ. ಕಿಟೆಲ್ ಅವರ ನಿಘಂಟು 1894ರಲ್ಲಿ ಅಚ್ಚಾದದ್ದೂ ಇಲ್ಲಿಯ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ. ಹಾಗಿರುವಾಗ ಬಸ್ಸಿನಲ್ಲಿ "ಓ, ನೀವು ಮಂಗಳೂರಿನವರಾ, ಕನ್ನಡ ಚೆನ್ನಾಗಿ ಮಾತಾಡ್ತೀರಲ್ಲ!" ಅಂತ ಆಶ್ಚರ್ಯಪಡಬೇಡಿ. ಮನೆಯಲ್ಲಿ ತುಳು, ಪಕ್ಕದ ಮನೆಯಲ್ಲಿ ಕೊಂಕಣಿ, ಅಂಗಡಿಯಲ್ಲಿ ಬ್ಯಾರಿ, ಶಾಲೆಯಲ್ಲಿ ಕನ್ನಡ ಮಾತಾಡಿ ಬೆಳೆದವರು ನಾವು. ನಮ್ಮೊಳಗೆ ತುಳು ಮಾತಾಡಿದರೆ ನಿಮ್ಮ ಬಗ್ಗೆಯೇ ಮಾತಾಡುತ್ತಿದ್ದೇವೆ ಅಂತಲೂ ತಿಳಿಯಬೇಡಿ. ಕೆಲವೊಮ್ಮೆ ಮಾತ್ರ. "ಒಣಸ್ ಆಂಡಾ?" ಅಂತ ಒಂದು ಮಾತು ಕಲಿತು ಬನ್ನಿ, ಊಟ ಆಯಿತಾ ಅಂತ. ಮೀನು ಮಾರುವ ಅಕ್ಕನಿಗೆ ಹಾಗೆ ಕೇಳಿದರೆ ಎರಡು ಬಂಗುಡೆ ಹೆಚ್ಚು ಬಿದ್ದೀತು.

ತಿಂಡಿಯ ಬಗ್ಗೆ ಇಂಟರ್ನೆಟ್ಟಿನಲ್ಲಿ ಬೇಕಾದಷ್ಟು ಉಂಟು. ನಮ್ಮದು ಇಷ್ಟೇ: ಬನ್ಸ್ ಅಂದರೆ ಬೇಕರಿ ಬನ್ನಲ್ಲ, ಬಾಳೆಹಣ್ಣಿನ ಸಿಹಿ ಪೂರಿ, ಬೆಳಿಗ್ಗೆ ತಿನ್ನಿ. ಮಧ್ಯಾಹ್ನ ಕುಚ್ಚಲಕ್ಕಿ ಅನ್ನದ ಮೀನೂಟ. ಕೋರಿ ರೊಟ್ಟಿಯನ್ನು ಚಪಾತಿಯ ಹಾಗೆ ಹರಿಯಲಿಕ್ಕೆ ಹೋಗಬೇಡಿ, ಪುಡಿ ಮಾಡಿ ಸಾರು ಸುರಿಯಿರಿ.

ಕೋಲ, ನೇಮ ನೋಡಬೇಕು ಅಂತ 2022ರಲ್ಲಿ 'ಕಾಂತಾರ' ಬಂದ ಮೇಲೆ ಕೇಳದವರಿಲ್ಲ. ಬನ್ನಿ. ಆದರೆ ಅದು ಸ್ಟೇಜ್ ಶೋ ಅಲ್ಲ. ಒಂದು ಮನೆಯವರು, ಒಂದು ಊರಿನವರು ತಮ್ಮ ಕಷ್ಟ ಸುಖ ದೈವದ ಹತ್ತಿರ ಹೇಳಿಕೊಳ್ಳುವ ರಾತ್ರಿ. ಕರೆದವರ ಜೊತೆ ಬನ್ನಿ, ದೂರ ಕೂರಿ, ಮುಖದ ಹತ್ತಿರ ಮೊಬೈಲ್ ಹಿಡಿಯಬೇಡಿ. ಹೊರಗೆ ಬಂದು ಆ ಕೂಗನ್ನು ಅನುಕರಣೆ ಮಾಡಿ ರೀಲ್ಸ್ ಹಾಕುವುದನ್ನು ನೋಡಿದರೆ ನಮಗೆ ನಿಜವಾಗಿ ಬೇಸರ ಆಗುತ್ತದೆ. ಕಾಲೇಜು ಫೆಸ್ಟಿನಲ್ಲಿ ಮಾಡಿದವರಿಗೂ ಇದೇ ಮಾತು.

ಒಂದು ಪ್ರಶ್ನೆಗೆ ಉತ್ತರ ಕೊಡುವಾಗ ಮಾತ್ರ ನಮ್ಮ ತಲೆ ತಗ್ಗುತ್ತದೆ. "ಹುಡುಗ ಹುಡುಗಿ ಒಟ್ಟಿಗೆ ಬಂದರೆ ಅಲ್ಲಿ ಏನೂ ತೊಂದರೆ ಇಲ್ವಾ?" ಅಂತ ಲೇಡೀಸ್ ಹಾಸ್ಟೆಲಿನ ಗೆಳತಿಯರು ಮೆಲ್ಲಗೆ ಕೇಳುತ್ತಾರೆ. 2009ರ ಜನವರಿಯಲ್ಲಿ ಪಬ್ಬಿನಿಂದ ಹುಡುಗಿಯರನ್ನು ಹೊಡೆದು ಓಡಿಸಿದ ವಿಡಿಯೋ ದೇಶವೆಲ್ಲ ನೋಡಿದೆ. ಆಮೇಲೂ ಯಾರು ಯಾರ ಜೊತೆ ಬಸ್ಸಿನಲ್ಲಿ ಕೂತರು, ಯಾರು ಯಾರ ಜೊತೆ ಬೀಚಿನಲ್ಲಿ ನಡೆದರು ಅಂತ ಹೆಸರು ಕೇಳಿ ತಡೆದು ನಿಲ್ಲಿಸಿದ ಸುದ್ದಿಗಳು ನಿಂತಿಲ್ಲ. ಹೆಚ್ಚಿನ ದಿನ ಹೆಚ್ಚಿನವರಿಗೆ ಏನೂ ಆಗುವುದಿಲ್ಲ, ಅದು ನಿಜ. ಆದರೆ "ಏನೂ ಆಗಲ್ಲ, ಬನ್ನಿ" ಅಂತ ಹೇಳುವಾಗ ನಮ್ಮ ಧ್ವನಿಯಲ್ಲೇ ಗಟ್ಟಿತನ ಇರುವುದಿಲ್ಲ. ಹುಷಾರಾಗಿ ಡ್ರೆಸ್ ಮಾಡಿ, ದೂರ ದೂರ ಕೂರಿ ಅಂತ ಉಪದೇಶ ಕೊಡಲು ನಮಗೆ ಮನಸ್ಸಿಲ್ಲ. ತಪ್ಪು ಕೇಳುವವರದು, ಕೂರುವವರದಲ್ಲ. ಯಾರಾದರೂ ಅಡ್ಡ ಬಂದರೆ 112ಕ್ಕೆ ಫೋನ್ ಮಾಡಿ, ಆಮೇಲೆ ನಮಗೆ ಮಾಡಿ. ಸಾವಿರ ವರ್ಷದಿಂದ ಯೆಮೆನ್ನಿನವರಿಗೂ ಪರ್ಷಿಯಾದವರಿಗೂ ಜಾಗ ಕೊಟ್ಟ ಬಂದರಿನಲ್ಲಿ ದಾವಣಗೆರೆಯ ಹುಡುಗ ಹಾಸನದ ಹುಡುಗಿ ಒಟ್ಟಿಗೆ ಚುರುಮುರಿ ತಿನ್ನಲಿಕ್ಕೆ ಯಾರ ಅಪ್ಪಣೆ ಬೇಕು? ಈ ಸಾಲು ಬರೆಯಬೇಕೋ ಬೇಡವೋ ಅಂತ ನಮ್ಮ ನಾಲ್ವರಲ್ಲೇ ಒಂದು ರಾತ್ರಿ ಜಗಳ ಆಯಿತು. ಬರೆದಿದ್ದೇವೆ.

ಆ ದಾವಣಗೆರೆಯ ಗೆಳೆಯ ಕಳೆದ ಡಿಸೆಂಬರಿನಲ್ಲಿ ಮತ್ತೆ ಬಂದ. ಅವನ ಅಮ್ಮ ಬೆಣ್ಣೆ, ಮಂಡಕ್ಕಿ, ಮಿರ್ಚಿಗೆ ಹಾಕುವ ಮಸಾಲೆ ಎಲ್ಲ ಕಟ್ಟಿ ಕಳಿಸಿದ್ದರು, ಆ ಅಜ್ಜನಿಗೆ ಕೊಡು ಅಂತ. ನಾವು ಹಳೆಯ ಜಾಗಕ್ಕೆ ಹೋದೆವು. ಬಲೆ ಇತ್ತು, ಅಜ್ಜ ಇರಲಿಲ್ಲ, ಮಗಳ ಮನೆಗೆ ಹೋಗಿದ್ದರು. ಪೊಟ್ಟಣವನ್ನು ಆ ದಿನ ಹಗ್ಗ ಹಿಡಿದವರ ಕೈಗೆ ಕೊಟ್ಟು, ದೋಣಿ ದಾಟಿ ಬೆಂಗ್ರೆಗೆ ಹೋಗಿ ತಂಡೇಲರ ಮನೆಯ ಜಗಲಿಯಲ್ಲಿ ಬೂತಾಯಿ ಪುಳಿಮುಂಚಿ ಊಟ ಮಾಡಿದೆವು. ಸಂಜೆ ಎಲ್ಲರೂ ಕಡಲ ಕರೆಗೆ ಹೋದಾಗ ಅವನು ಪ್ಯಾಂಟ್ ಮಡಚಿ ಪಾದ ಮುಳುಗುವಷ್ಟು ನೀರಿನಲ್ಲಿ ನಿಂತ. ಎಷ್ಟು ಹೊತ್ತಾದರೂ ಅಲ್ಲಿಂದ ಮುಂದೆ ಹೋಗಲಿಲ್ಲ. ಹಡಗು ಎಣಿಸಿದ. ಒಂಬತ್ತು ಅಂದ. ತಂಡೇಲರು ಹನ್ನೊಂದು ಅಂದರು.

ಈ ಡಿಸೆಂಬರಿನಲ್ಲಿ ಬರುವವರು ಪರೀಕ್ಷೆಗೆ ಮೊದಲೇ ನಮಗೆ ಹೇಳಿ. ಇಬ್ಬರ ಮನೆಯಲ್ಲಿ ಚಾಪೆ ಬೇಕಾದಷ್ಟು ಉಂಟು, ಮೂರನೆಯವರ ಮನೆಯಲ್ಲಿ ನಾಯಿ ಉಂಟು, ನಾಲ್ಕನೆಯವನ ಮನೆಗೆ ಕೊನೆಯ ದೋಣಿ ತಪ್ಪುವ ಮೊದಲು ಬರಬೇಕು.